ಕಾಣದ ಪೇಟೆಗಳ ಟೀಚರ್

ಟೀಚರ್ ತೀರಿಕೊಂಡ ಸುದ್ದಿ ನಾನು ಹಿಂದೆ ಕಲಿಸುತ್ತಿದ್ದ ಶಾಲೆಯವರ ವಾಟ್ಸಾಪ್ ಗುಂಪಿನಲ್ಲಿ ಬಂತು. ಮಂಗಳೂರಿನಲ್ಲಿ, ಆಸ್ಪತ್ರೆಯಲ್ಲಿ, ಸ್ವಲ್ಪ ದಿನ ಮಲಗಿದ್ದರಂತೆ. ಹಲವರು ಕೈಮುಗಿದ ಚಿತ್ರ ಹಾಕಿದರು. ಆಮೇಲೆ ಒಬ್ಬಳು, "ಯಾವ ಟೀಚರ್? ಮ್ಯಾಥ್ಸಿನವರಾ?" ಎಂದು ಕೇಳಿದಳು.

"ಅಲ್ಲ, ಹಿಸ್ಟರಿಯವರು" ಎಂದು ನಾನು ಬರೆದೆ.

"ನಮ್ಮ ಶಾಲೆಯಲ್ಲಿ ಹಿಸ್ಟರಿ ಇತ್ತಾ?"

ಇತ್ತು. ಸಣ್ಣ ತರಗತಿಗಳಲ್ಲಿ ಸಮಾಜ ಪಾಠದ ಮೂಲೆಯಲ್ಲಿ ಯಾವಾಗಲೂ ಇತ್ತು. ಹನ್ನೊಂದನೇ ತರಗತಿಯಲ್ಲಿ, ನಿಜವಾದ ಹಿಸ್ಟರಿಯಾಗಿ, ಒಂದೇ ಒಂದು ವರ್ಷ ಇತ್ತು. ಆ ಒಂದು ವರ್ಷ ಆ ಹೆಂಗಸಿನ ಬದುಕಿನಲ್ಲಿ ಏನು ಮಾಡಿತೆಂದು ಗುಂಪಿನಲ್ಲಿ ಬರೆಯಲು ಹೋದೆ. ಅಲ್ಲಿ ಅದಕ್ಕೆ ಜಾಗವಿಲ್ಲ ಅನ್ನಿಸಿ ಅಳಿಸಿದೆ.

ನಾನು ಕುಂದಾಪುರದ ಕಡೆಯವಳು. ಮದುವೆಯಾಗಿ ಬಹರೈನಿಗೆ ಬಂದ ಮೊದಲ ವರ್ಷವೇ ಹಮದ್ ಟೌನಿನ ದಾರಿಯಲ್ಲಿದ್ದ ಒಂದು ಸಣ್ಣ ಖಾಸಗಿ ಶಾಲೆಯಲ್ಲಿ ಅಕೌಂಟ್ಸ್ ಕಲಿಸಲು ಸೇರಿಕೊಂಡೆ. ಈಗ ಆ ಶಾಲೆ ಇಲ್ಲ, ಆ ಕಟ್ಟಡದಲ್ಲಿ ಸೂಪರ್ ಮಾರ್ಕೆಟ್ ಇದೆ. ಮೊದಲ ದಿನ ಸ್ಟಾಫ್ ರೂಮಿನಲ್ಲಿ ಯಾರ ಮುಖ ನೋಡಬೇಕೆಂದು ತಿಳಿಯದೆ ಕುಳಿತಿದ್ದಾಗ ಹಿಂದಿನಿಂದ ಯಾರೋ ನನ್ನ ಸೆರಗನ್ನು ಹಿಡಿದಂತಾಯಿತು. ತಿರುಗಿದರೆ, ಕನ್ನಡಕವನ್ನು ಸರಪಳಿಯಲ್ಲಿ ಕೊರಳಿಗೆ ನೇತುಹಾಕಿಕೊಂಡ ಗಿಡ್ಡನೆಯ, ದುಂಡನೆಯ ಹೆಂಗಸೊಬ್ಬರು ನನ್ನ ಸೀರೆಯ ಅಂಚನ್ನು ಹೆಬ್ಬೆರಳು ತೋರುಬೆರಳ ನಡುವೆ ಇಟ್ಟು ಉಜ್ಜುತ್ತಿದ್ದರು.

"ಇದು ಎಲ್ಲಿಯದು?"

"ಕುಂದಾಪುರದ್ದು."

"ಅಂಗಡಿ ಎಲ್ಲಿಯದು ಅಂತ ಕೇಳಿದ್ದಲ್ಲ ಮಾರಾಯ್ತಿ. ನೇಯ್ದದ್ದು ಎಲ್ಲಿ?"

ನನಗೆ ಗೊತ್ತಿರಲಿಲ್ಲ. ಅವರು ಸೆರಗನ್ನು ಮೆಲ್ಲ ಬಿಟ್ಟು, "ಮೈಮೇಲೆ ಹಾಕಿಕೊಂಡದ್ದು ಎಲ್ಲಿಂದ ಬಂತು ಅಂತ ಯಾರಿಗೂ ಗೊತ್ತಿರುದಿಲ್ಲ. ನಿಂದೇನೂ ತಪ್ಪಲ್ಲ, ಚಾ ಕುಡಿ" ಎಂದರು. ನಮ್ಮ ಪರಿಚಯ ಹೀಗೆ.

ಅವರು ಮಂಗಳೂರಿನ ಕ್ಯಾಥೊಲಿಕ್ ಮನೆತನದವರು, ಮನೆಮಾತು ಕೊಂಕಣಿ. ನನಗೆ ಕೊಂಕಣಿ ಬಾರದು, ತುಳುವೂ ಅಷ್ಟಕ್ಕಷ್ಟೆ, ಹಾಗಾಗಿ ನಮ್ಮಿಬ್ಬರದು ಕನ್ನಡ. ಅವರ ಗಂಡ ಮನಾಮಾದ ಹೋಟೆಲೊಂದರಲ್ಲಿ ಮದುವೆ, ಪಾರ್ಟಿಗಳ ಊಟದ ವ್ಯವಸ್ಥೆ ನೋಡುತ್ತಿದ್ದರು. ಮೃದು ಮನುಷ್ಯ, ಮಾತು ಕಡಿಮೆ. ಮಕ್ಕಳಿರಲಿಲ್ಲ. ಮದುವೆಗೆ ಮುಂಚೆ ಟೀಚರ್ ವಿಶ್ವವಿದ್ಯಾಲಯದಲ್ಲಿ ಸಂಶೋಧನೆಗೆ ಸೇರಿದ್ದರು. ವಿಷಯ ಕೇಳಿದರೆ ನಗು ಬರುತ್ತಿತ್ತು: ಮೂರು ನಾಲ್ಕು ಶತಮಾನಗಳ ಹಿಂದಿನ ಯುರೋಪಿನ ಪೇಟೆಗಳು, ಅಲ್ಲಿಯ ವ್ಯಾಪಾರ, ಅಲ್ಲಿಯ ಸಾಮಾನ್ಯ ಜನರ ಮನೆಗೆ ಸಕ್ಕರೆ, ಚಹಾ, ಹತ್ತಿಬಟ್ಟೆ, ಪಿಂಗಾಣಿ ಬಟ್ಟಲು ಹೇಗೆ ಬಂದು ಸೇರಿದವು ಎಂಬುದು. ಮಾರ್ಗದರ್ಶಕರು ಕಾಯಿಲೆ ಬಿದ್ದರು, ಇವರಿಗೆ ಮದುವೆ ಗೊತ್ತಾಯಿತು, ಬಹರೈನಿಗೆ ವೀಸಾ ಬಂತು. ಸಂಶೋಧನೆ ಅಲ್ಲಿಗೇ ನಿಂತಿತು.

ಆ ಪೇಟೆಗಳಲ್ಲಿ ಒಂದನ್ನೂ ಅವರು ಕಂಡವರಲ್ಲ. ಒಮ್ಮೆ ಗಂಡ ಹೆಂಡತಿ ರಜೆಯಲ್ಲಿ ಆಂಸ್ಟರ್‌ಡ್ಯಾಮಿಗೆ ಹೋಗಿ ಬರುವುದೆಂದು ವೀಸಾಕ್ಕೆ ಅರ್ಜಿ ಹಾಕಿದ್ದರಂತೆ. ಸಿಗಲಿಲ್ಲ. ಆ ಪ್ರವಾಸಕ್ಕೆಂದು ಕೊಂಡಿದ್ದ ದಪ್ಪನೆಯ ಉಣ್ಣೆಯ ಸ್ವೆಟರನ್ನು ಅವರು ಸ್ಟಾಫ್ ರೂಮಿನ ಏಸಿಯ ಕೆಳಗೆ ಹಾಕಿಕೊಂಡು ಕೂರುತ್ತಿದ್ದರು. ಹೊರಗೆ ಜೂನ್ ತಿಂಗಳ ಬಿಸಿಲು, ಒಳಗೆ ಇವರು ಉಣ್ಣೆಯ ಸ್ವೆಟರಿನಲ್ಲಿ. "ಎಲ್ಲಿಗಾದರೂ ಒಂದು ಕಡೆಗೆ ಉಪಯೋಗ ಆಗ್ಬೇಕಲ್ಲ" ಎನ್ನುತ್ತಿದ್ದರು.

ಪಾಠ ಮಾಡುವಾಗ ಕಣ್ಣು ಮುಚ್ಚಿಕೊಳ್ಳುವುದು ಅವರ ಅಭ್ಯಾಸ. ಹುಡುಗರು ಆ ಹೊತ್ತಿನಲ್ಲಿ ಏನು ಬೇಕಾದರೂ ಮಾಡಬಹುದಿತ್ತು, ಮಾಡುತ್ತಲೂ ಇದ್ದರು. ಇವರಿಗೆ ಅದರ ಪರಿವೆಯಿಲ್ಲ. ಕಣ್ಣು ಮುಚ್ಚಿದರೆ ಕಾಲುವೆ, ದೋಣಿ, ಮೀನಿನ ಕಟ್ಟೆ, ಕಿಟಕಿಯಲ್ಲಿ ನಿಂತ ಹೆಂಗಸು, ಎಲ್ಲ ಕಾಣುತ್ತದೆಯೇನೋ ಎಂಬಂತೆ ಹೇಳುತ್ತಿದ್ದರು. ಅವರಿಗೆ ಯುದ್ಧ, ರಾಜವಂಶ ಬೇಕಿರಲಿಲ್ಲ. "ರಾಜ ಅಲ್ಲಿರಲಿ. ರಾಜನ ಅಡುಗೆಯವಳು ಏನು ಉಟ್ಟಿದ್ದಳು, ಅದು ಹೇಳಿ" ಎಂದು ಎಲ್ಲರನ್ನೂ ಕೇಳುವುದು ಅವರ ಮಾತಿನ ರೂಢಿಯೇ ಆಗಿತ್ತು. ಯಾರ ಮನೆಗೆ ಹೋದರೂ ಮೊದಲು ನೋಡುತ್ತಿದ್ದದ್ದು ಕಪ್ಪು-ಬಸಿಯನ್ನು. ತಿರುಗಿಸಿ ಅಡಿಭಾಗ ನೋಡುವರು, ಕೆಲವೊಮ್ಮೆ ಚಹಾ ಅದರೊಳಗೆ ಇರುವಾಗಲೇ.

ನಾವಿಬ್ಬರೂ ಗುದೈಬಿಯಾದಲ್ಲಿ ಅಕ್ಕಪಕ್ಕದ ಕಟ್ಟಡಗಳಲ್ಲಿದ್ದೆವು. ಶಾಲೆಗೆ ನಮ್ಮನ್ನು ಕರೆದೊಯ್ಯುತ್ತಿದ್ದ ವ್ಯಾನಿನ ಡ್ರೈವರ್ ಮೋನಾಕ. ಉಳ್ಳಾಲದ ಬ್ಯಾರಿ. ವ್ಯಾನು ಟುಬ್ಲಿಯ ಒಂದು ಸಾರಿಗೆ ಕಂಪನಿಯದು. ಅಲ್ಲಿಯ ಗ್ಯಾರೇಜಿನ ಮೇಲೆ ಎರಡು ಕೋಣೆಗಳಲ್ಲಿ ಅವರ ಸಂಸಾರ. ಹೆಂಡತಿ ಮನೆಯಲ್ಲೇ ಪತ್ತಿರಿಯೆಂಬ ಅಕ್ಕಿರೊಟ್ಟಿ ಮಾಡಿ ಬ್ಯಾಚುಲರ್ ರೂಮುಗಳಿಗೆ ಕೊಡುತ್ತಿದ್ದರು. ಒಬ್ಬಳೇ ಮಗಳು ಶಬಾನ, ನಮ್ಮ ಶಾಲೆಯಲ್ಲೇ ಓದುತ್ತಿದ್ದಳು. ಅಪ್ಪನ ಪಕ್ಕದ ಸೀಟಿನಲ್ಲಿ ಕುಳಿತು ಬರುತ್ತಿದ್ದಳು. ಅವರ ಹಿಂದಿನ ಸೀಟು ಟೀಚರಿನದು, ಅವರ ಪಕ್ಕ ನಾನು.

ಟೀಚರ್ ಬೆಳಿಗ್ಗೆಯೇ ಶುರುಮಾಡುತ್ತಿದ್ದರು. ಆಂಟ್‌ವರ್ಪ್ ಎಂಬ ಪೇಟೆಯ ಕಥೆಯನ್ನು ನಾನು ಆ ವ್ಯಾನಿನಲ್ಲೇ ಕೇಳಿದ್ದು. ಜಗತ್ತಿನ ಸಾಮಾನೆಲ್ಲ ಬಂದಿಳಿಯುತ್ತಿದ್ದ ಪೇಟೆ, ನಮ್ಮ ಕರಾವಳಿಯ ಕಾಳುಮೆಣಸೂ ಅಲ್ಲಿಗೆ ಹೋಗುತ್ತಿತ್ತು. ಯುದ್ಧದಲ್ಲಿ ಹಡಗು ಬರುವ ನದಿಯ ದಾರಿ ಮುಚ್ಚಿತು. ವ್ಯಾಪಾರಿಗಳು ಗಂಟುಮೂಟೆ ಕಟ್ಟಿ ಆಂಸ್ಟರ್‌ಡ್ಯಾಮಿಗೆ ಹೋದರು. "ಮನೆಗಳು ಹಾಗೇ ಇದ್ದವು, ಇಗರ್ಜಿ ಹಾಗೇ ಇತ್ತು. ಜನ ಮಾತ್ರ ಇಲ್ಲ. ಪೇಟೆ ಸಾಯುದು ಅಂದ್ರೆ ಹಾಗೆ. ಬಿದ್ದು ಸಾಯುದಿಲ್ಲ, ನಿಂತುಕೊಂಡೇ ಸಾಯ್ತದೆ" ಎಂದರು.

ಇನ್ನೊಂದು ದಿನ ಲಂಡನ್ನಿನ ಕಥೆ. ನಮ್ಮ ದೇಶದ ಹೂವಿನ ಅಚ್ಚಿನ ಹತ್ತಿಬಟ್ಟೆ ಅಲ್ಲಿಗೆ ಹೋದಾಗ ಶ್ರೀಮಂತರಿಗಷ್ಟೇ ಅಲ್ಲ, ಮನೆಗೆಲಸದ ಹುಡುಗಿಯರಿಗೂ ಅದರ ಹುಚ್ಚು ಹಿಡಿಯಿತಂತೆ. ಹಗುರ, ತೊಳೆದರೂ ಬಣ್ಣ ಹೋಗದು, ಅಗ್ಗ ಬೇರೆ. ಅಲ್ಲಿಯ ಉಣ್ಣೆ, ರೇಷ್ಮೆ ನೇಯುವವರ ಹೊಟ್ಟೆಗೆ ಪೆಟ್ಟುಬಿತ್ತು. ಅವರು ಬೀದಿಯಲ್ಲಿ ಗುಂಪು ಕಟ್ಟಿ, ಆ ಬಟ್ಟೆ ತೊಟ್ಟ ಹೆಂಗಸರನ್ನು ಹಿಡಿದು ಮೈಮೇಲಿನದನ್ನೇ ಹರಿದುಹಾಕುತ್ತಿದ್ದರು.

ಮುಂದಿನ ಸೀಟಿನಿಂದ ಶಬಾನ ತಿರುಗಿ ಕೇಳಿದಳು: "ಮಿಸ್, ಆ ಹುಡುಗಿಯರು ಮತ್ತೆ ಅದೇ ಡ್ರೆಸ್ ಹಾಕಿದ್ರಾ?"

ಟೀಚರ್ ಕಣ್ಣು ತೆರೆದರು. ಅಷ್ಟು ವರ್ಷಗಳಲ್ಲಿ ಯಾರೂ ಅವರನ್ನು ಹಾಗೊಂದು ಪ್ರಶ್ನೆ ಕೇಳಿರಲಿಲ್ಲವೆಂದು ಆಮೇಲೆ ನನಗೆ ಹೇಳಿದರು. "ಹಾಕಿದ್ರು ಮಗಾ. ಸರಕಾರ ಕಾನೂನು ಮಾಡಿ ನಿಲ್ಲಿಸಿತು. ಆದ್ರೂ ಕದ್ದು ಹಾಕಿದ್ರು."

ಮೋನಾಕನೂ ಕೇಳಿಸಿಕೊಳ್ಳುತ್ತಿದ್ದರು ಎಂದು ಗೊತ್ತಾದದ್ದು ಚಹಾದ ಕಥೆಯ ದಿನ. ಹಿಂದೆ ಅಲ್ಲಿಯ ಕುಶಲಕರ್ಮಿಗಳು ಸೋಮವಾರ ಕೆಲಸಕ್ಕೇ ಹೋಗುತ್ತಿರಲಿಲ್ಲ, ಕುಡಿದು ಆರಾಮವಾಗಿರುತ್ತಿದ್ದರು. ಚಹಾ, ಸಕ್ಕರೆ, ಹೊಗೆಸೊಪ್ಪು, ಗೋಡೆ ಗಡಿಯಾರ ಪೇಟೆಗೆ ಬಂದ ಮೇಲೆ ಅವನ್ನು ಕೊಳ್ಳಬೇಕೆಂಬ ಆಸೆಗೆ ಸೋಮವಾರವೂ ದುಡಿಯತೊಡಗಿದರು, ಹೆಂಡತಿ ಮಕ್ಕಳನ್ನೂ ದುಡಿತಕ್ಕೆ ಹಚ್ಚಿದರು ಎಂದು ಟೀಚರ್ ಹೇಳುತ್ತಿದ್ದರು. ಮೋನಾಕ ರೌಂಡ್‌ಅಬೌಟ್ ಸುತ್ತುತ್ತಲೇ ಹೇಳಿದರು:

"ಟೀಚರೇ, ನಾನು ಈಗ ಶುಕ್ರವಾರವೂ ಗಾಡಿ ಬಿಡ್ತೇನೆ. ಜುಮಾ ನಮಾಜಿಗೆ ಒಂದು ಗಂಟೆ ರಜೆ, ಅಷ್ಟೇ. ಮನೆಗೊಂದು ವಾಷಿಂಗ್ ಮಿಶಿನ್ ಬೇಕಂತೆ."

ಟೀಚರ್ ಕೈ ತಟ್ಟಿದರು. "ಅದೇ ಮೋನಾಕ! ಅದೇ ನಾನು ಹೇಳುದು!"

ಎಲ್ಲರೂ ನಕ್ಕೆವು. ಅವರು ಅಷ್ಟು ಸಂತೋಷಪಟ್ಟದ್ದನ್ನು ನಾನು ಕಂಡದ್ದು ಅಪರೂಪ.

ಹನ್ನೊಂದು, ಹನ್ನೆರಡಕ್ಕೆ ನಮ್ಮಲ್ಲಿ ಸೈನ್ಸ್ ಮತ್ತು ಕಾಮರ್ಸ್ ಮಾತ್ರ ಇದ್ದವು. ಆರ್ಟ್ಸ್ ತೆರೆಯಬೇಕೆಂದು ಟೀಚರ್ ವರ್ಷಗಟ್ಟಲೆ ಕೇಳುತ್ತಲೇ ಇದ್ದರು. ಕೊನೆಗೊಂದು ವರ್ಷ, ಮಕ್ಕಳು ಸಿಕ್ಕಿದರೆ ತೆರೆಯೋಣವೆಂದು ಪ್ರಿನ್ಸಿಪಾಲರು ಒಪ್ಪಿದರು. ಟೀಚರ್ ಮನೆಮನೆಗೆ ಹೊರಟರು. ಗಂಡ ಕೆಲಸ ಮುಗಿಸಿ ಬಂದು, ಸೂಟು ಬಿಚ್ಚದೆ ಕಾರು ತೆಗೆದು ಇವರನ್ನು ಅವಾಲಿ, ಮುಹರ್ರಕ್ ಎಂದು ಸುತ್ತಿಸುತ್ತಿದ್ದರು. ಆಯಿಲ್ ಕಂಪನಿಯ ದೊಡ್ಡ ಮನೆಗಳಲ್ಲಿ ಜ್ಯೂಸು ಕೊಟ್ಟು, ನಗುತ್ತ ಬೀಳ್ಕೊಟ್ಟರು. ಹಿಸ್ಟರಿ ಓದಿ ಏನಾಗುವುದು ಎಂಬ ಪ್ರಶ್ನೆ ಎಲ್ಲ ಕಡೆಯೂ ಒಂದೇ. ಕಷ್ಟಪಟ್ಟು ಬೆರಳೆಣಿಕೆಯ ಮಕ್ಕಳು ಸಿಕ್ಕರು. ಅವರಲ್ಲಿ ಹೆಚ್ಚಿನವರು ಸೈನ್ಸಿಗೂ ಕಾಮರ್ಸಿಗೂ ಅಂಕ ಸಾಲದೆ ಬಂದವರು.

ಶಬಾನಳ ಅಂಕಗಳು ಚೆನ್ನಾಗಿದ್ದವು. ಅವಳು ಹಿಸ್ಟರಿಯೇ ಬೇಕೆಂದು ಹಟ ಹಿಡಿದಳು. ಟುಬ್ಲಿಗೆ ಹೋಗುವಾಗ ಟೀಚರ್ ನನ್ನನ್ನೂ ಕರೆದುಕೊಂಡು ಹೋದರು. ಕೆಳಗೆ ಗ್ಯಾರೇಜಿನಲ್ಲಿ ಬಂಪರು ಬಡಿಯುವ ಸದ್ದು, ಮೇಲೆ ಆ ಕೋಣೆ. ಟೀಚರ್ ಕೂತ ಕೂಡಲೇ ಕಪ್ಪನ್ನು ತಿರುಗಿಸಲಿಲ್ಲ. ಅದರಿಂದಲೇ ಅವರಿಗೆ ಎಷ್ಟು ಅಂಜಿಕೆಯಾಗಿದೆ ಎಂದು ನನಗೆ ತಿಳಿಯಿತು.

ಮೋನಾಕ ನೆಲದ ಮೇಲೆ ಕುಳಿತು ಹೇಳಿದರು: "ನಾನು ಡ್ರೈವರ್ ಜನ ಟೀಚರೇ. ನಿಮ್ಮ ಕಥೆ ಕೇಳ್ಲಿಕ್ಕೆ ನನಗೆ ಖುಷಿ. ಆದ್ರೆ ಇವ್ಳು ಕಾಮರ್ಸ್ ಮಾಡಿದ್ರೆ ಎಲ್ಲಾದ್ರೂ ಆಫೀಸಿನಲ್ಲಿ ಕೂತಾಳು. ನೆರಳಿನಲ್ಲಿ ಕೂತು ಕೆಲಸ ಮಾಡ್ಲಿ ಅಂತ ನನ್ನ ಆಸೆ, ಬೇರೆಂತ ಇಲ್ಲ."

"ಅವಳು ಕಾಲೇಜಿನಲ್ಲಿ ಕಲಿಸ್ಬಹುದು ಮೋನಾಕ. ಪುಸ್ತಕ ಬರಿಬಹುದು. ನನ್ನಿಂದ ಆಗ್ಲಿಲ್ಲ, ಅವಳಿಂದ ಆಗ್ತದೆ. ಅಂಥ ತಲೆ ಉಂಟು ಅವಳಿಗೆ."

"ಶಾಲೆಯವ್ರು ಅರ್ಧದಲ್ಲಿ ಕೈಬಿಟ್ರೆ?"

"ನಾನಿದ್ದೇನಲ್ಲ. ನಾನು ಆ ಶಾಲೆಯಲ್ಲಿರುವವರೆಗೆ ಆ ಕ್ಲಾಸು ನಡೀತದೆ. ನನ್ನ ಮಾತು."

ಮೋನಾಕ ಹೆಂಡತಿಯ ಮುಖ ನೋಡಿದರು. ಆಕೆ ಬಾಗಿಲ ಬಳಿ ನಿಂತಿದ್ದವರು, ಬ್ಯಾರಿ ಭಾಷೆಯಲ್ಲಿ ಏನೋ ಹೇಳಿದರು. ಮೋನಾಕ ನಮಗೆ ಕನ್ನಡದಲ್ಲಿ ಹೇಳಿದರು: "ಟೀಚರ್ ಮನೆಗೆ ಬಂದು ಕೇಳಿದ್ದಾರೆ, ಇಲ್ಲ ಹೇಳುದು ಹೇಗೆ ಅಂತಾಳೆ."

ಶಬಾನ ಆರ್ಟ್ಸಿಗೆ ಸೇರಿದಳು.

ಆ ವರ್ಷ ಟೀಚರ್ ಬೇರೆಯೇ ಮನುಷ್ಯರಾಗಿದ್ದರು. ಆ ಕೆಲವೇ ಮಕ್ಕಳನ್ನು ಕಟ್ಟಿಕೊಂಡು ಮನಾಮಾದ ಹಳೆಯ ಮಾರುಕಟ್ಟೆ ಸೂಕಿನ ಗಲ್ಲಿಗಳಲ್ಲಿ ತಿರುಗಿದರು. ಬಟ್ಟೆಯಂಗಡಿಯ ಥಾನುಗಳನ್ನು ಮುಟ್ಟಿ ನೋಡಿಸಿದರು. ಏಲಕ್ಕಿ, ಕೇಸರಿ ಯಾವ ದಾರಿಯಿಂದ ಬಂತೆಂದು ಅಂಗಡಿಯವರನ್ನು ಕೇಳಿಸಿದರು. ಒಂದು ಕಾಲದಲ್ಲಿ ಮುತ್ತಿನ ವ್ಯಾಪಾರದಿಂದ ಬದುಕಿದ್ದ ಪೇಟೆ ಅದು. ಆಗಲೇ ದೊಡ್ಡ ದೊಡ್ಡ ಮಾಲುಗಳು ಎದ್ದು ಸೂಕಿಗೆ ಗಿರಾಕಿ ಕಡಿಮೆಯಾಗುತ್ತಿದ್ದ ದಿನಗಳು. ಭಟ್ಕಳದ ಬಟ್ಟೆ ವ್ಯಾಪಾರಿಯೊಬ್ಬರು ಮಕ್ಕಳಿಗೆಲ್ಲ ತಂಪು ಪಾನೀಯ ತರಿಸಿಕೊಟ್ಟು, "ನಮ್ಮನ್ನು ಹಿಸ್ಟರಿಯಲ್ಲಿ ಓದ್ಲಿಕ್ಕೆ ಇಷ್ಟು ಬೇಗ ಬಂದ್ರಾ ಮ್ಯಾಡಂ? ನಾವು ಇನ್ನೂ ಅಂಗಡಿ ಮುಚ್ಚಿಲ್ಲ" ಎಂದು ನಕ್ಕರಂತೆ. ಟೀಚರ್ ಅದನ್ನು ನನಗೆ ಹೇಳಿ ಹೇಳಿ ನಕ್ಕರು. ಮರುವರ್ಷ ಅವರು ಅಂಗಡಿ ಮುಚ್ಚಿ ಊರಿಗೆ ಹೋದರು.

ಶಾಲೆಯ ವಸ್ತುಪ್ರದರ್ಶನಕ್ಕೆ ಶಬಾನ ರಟ್ಟಿನಲ್ಲಿ ಒಂದು ಬಂದರು ಪೇಟೆ ಮಾಡಿದಳು. ಮುಖ್ಯ ಅತಿಥಿಗಳು ಬಂದಾಗ ಆ ಬಂದರಿನಲ್ಲಿ ಯಾವ ಹಡಗಿನಿಂದ ಏನು ಇಳಿಯುತ್ತದೆ, ಅದು ಯಾವ ಬೀದಿಗೆ ಹೋಗುತ್ತದೆ, ಕೊನೆಗೆ ಯಾರ ಅಡುಗೆಮನೆ ಸೇರುತ್ತದೆ ಎಂದು ಅವಳು ಕಣ್ಣು ಮುಚ್ಚಿಕೊಂಡು ವಿವರಿಸಿದಳು. ಟೀಚರಿನಂತೆಯೇ ಕಣ್ಣು ಮುಚ್ಚಿಕೊಂಡು. ಹಿಂದೆ ನಿಂತಿದ್ದ ಟೀಚರ್ ಸ್ವೆಟರಿನ ತೋಳಿನಿಂದ ಮೂಗು ಒರೆಸಿಕೊಂಡರು. ಮೋನಾಕ ವ್ಯಾನನ್ನು ಹೊರಗೆ ನಿಲ್ಲಿಸಿ ಬಂದಿದ್ದರು. ಬಾಗಿಲಿನಲ್ಲೇ ನಿಂತು ನೋಡಿದರು, ಒಳಗೆ ಬರಲಿಲ್ಲ.

ಪರೀಕ್ಷೆಗಳು ಮುಗಿದ ಮೇಲೆ ಮ್ಯಾನೇಜ್‌ಮೆಂಟಿನ ತೀರ್ಮಾನ ಬಂತು. ಆರ್ಟ್ಸಿಗೆ ಹೊಸ ಮಕ್ಕಳು ಸೇರುತ್ತಿಲ್ಲ, ಇರುವ ಕೆಲವರಿಗಾಗಿ ಒಂದು ಕೋಣೆ, ಮೂರು ನಾಲ್ಕು ಅಧ್ಯಾಪಕರನ್ನು ಇಟ್ಟುಕೊಳ್ಳುವುದು ಸಾಧ್ಯವಿಲ್ಲ, ಹನ್ನೆರಡನೇ ತರಗತಿ ನಡೆಸುವುದಿಲ್ಲ. ಟೀಚರ್ ಪ್ರಿನ್ಸಿಪಾಲರ ಕೋಣೆಗೆ ಓಡಿದರು. ನಾನು ಬಾಗಿಲ ಹೊರಗಿದ್ದೆ. ಒಳಗಿನ ಮಾತೆಲ್ಲ ಇಂಗ್ಲಿಷಿನಲ್ಲಿ, ಎಲ್ಲವೂ ಕೇಳುತ್ತಿತ್ತು.

"ಕೋಣೆ ಬೇಡ ಸರ್. ಮೆಟ್ಟಿಲ ಮೇಲೆ ಕೂರಿಸಿ ಪಾಠ ಮಾಡ್ತೇನೆ. ಉಳಿದ ವಿಷಯವನ್ನೂ ನಾನೇ ಕಲಿಸ್ತೇನೆ. ನನಗೆ ಸಂಬಳವನ್ನೂ ಕೊಡಬೇಡಿ. ಒಂದು ವರ್ಷ, ಈ ಮಕ್ಕಳು ಮುಗಿಸುವವರೆಗೆ."

"ನೀವು ಹೇಳುವುದು ನನಗೆ ಅರ್ಥ ಆಗುತ್ತದೆ. ಆದರೆ ನನ್ನ ಕೈಯಲ್ಲಿಲ್ಲ."

"ಹಾಗಾದರೆ ಯಾರ ಕೈಯಲ್ಲಿದೆ ಹೇಳಿ, ಅವರ ಹತ್ತಿರ ಹೋಗ್ತೇನೆ."

ಹೋದರು ಕೂಡ. ಮ್ಯಾನೇಜ್‌ಮೆಂಟಿನವರು ಅರ್ಧ ದಿನ ಕಾಯಿಸಿ ಕಾಫಿ ಕೊಟ್ಟು ಕಳುಹಿಸಿದರು.

ಹನ್ನೆರಡರಲ್ಲಿ ವಿಷಯ ಬದಲಿಸಲು ಬೋರ್ಡು ಬಿಡುವುದಿಲ್ಲ. ಬೇರೆ ಶಾಲೆಗೆ ಹೋಗಬೇಕು, ಇಲ್ಲವೇ ಹನ್ನೊಂದನ್ನು ಮತ್ತೆ ಓದಬೇಕು. ಉಳಿದ ಮಕ್ಕಳಲ್ಲಿ ಒಂದಿಬ್ಬರು ಊರಿಗೆ ಹೋದರು, ಇನ್ನು ಕೆಲವರಿಗೆ ಅಪ್ಪಂದಿರ ಪರಿಚಯದಿಂದ ದೊಡ್ಡ ಶಾಲೆಯಲ್ಲಿ ಸೀಟು ಸಿಕ್ಕಿತು. ಶಬಾನಳಿಗೆ ಸಿಗಲಿಲ್ಲ. ಟೀಚರ್ ಅವಳನ್ನು ಕರೆದುಕೊಂಡು ಪ್ರತಿಯೊಂದು ಶಾಲೆಯ ಬಾಗಿಲಿಗೂ ಹೋದರು. ಎಲ್ಲೆಲ್ಲೂ ಸೀಟು ತುಂಬಿತ್ತು. ಮಂಗಳೂರಿನ ಒಂದು ಕಾನ್ವೆಂಟಿಗೆ ಫೋನು ಮಾಡಿ ಹಾಸ್ಟೆಲಿನಲ್ಲಿ ಜಾಗ ಕೇಳಿ ಒಪ್ಪಿಸಿದರು. ಮೋನಾಕ ಒಪ್ಪಲಿಲ್ಲ. ಮಗಳೊಬ್ಬಳನ್ನೇ ಊರಿಗೆ ಕಳುಹಿಸಿ ಗಂಡ ಹೆಂಡತಿ ಇಲ್ಲಿ ಕೂರುವುದು ಅವರಿಗೆ ಆಗದ ಮಾತು. ಅದನ್ನು ತಪ್ಪೆಂದು ನಾನು ಹೇಳಲಾರೆ.

ಶಬಾನ ತನಗಿಂತ ಸಣ್ಣವರ ಜೊತೆ ಮತ್ತೆ ಹನ್ನೊಂದನೇ ತರಗತಿಗೆ, ಕಾಮರ್ಸಿಗೆ, ನನ್ನ ಅಕೌಂಟ್ಸಿನ ಪಾಠಕ್ಕೆ ಬಂದು ಕುಳಿತಳು. ಹೇಳಿದ್ದನ್ನು ಬರೆದುಕೊಳ್ಳುತ್ತಿದ್ದಳು. ಒಂದು ಪ್ರಶ್ನೆಯನ್ನೂ ಕೇಳಲಿಲ್ಲ.

ಶಾಲೆ ಮತ್ತೆ ಶುರುವಾದ ಬೆಳಿಗ್ಗೆ ವ್ಯಾನು ಬಂದು ನಿಂತಾಗ ಟೀಚರ್ ತಮ್ಮ ಎಂದಿನ ಸೀಟಿನ ಹತ್ತಿರ ಒಂದು ಗಳಿಗೆ ನಿಂತರು. ಶಬಾನ ಕಿಟಕಿಯ ಕಡೆಗೆ ಮುಖ ಮಾಡಿ ಕುಳಿತಿದ್ದಳು.

"ಮೋನಾಕ..." ಎಂದರು ಟೀಚರ್.

ಮೋನಾಕ ಕನ್ನಡಿಯಲ್ಲಿ ಅವರನ್ನು ನೋಡಿದರು. ಅವರ ದನಿ ಯಾವಾಗಲೂ ಇದ್ದಂತೆಯೇ ಮರ್ಯಾದೆಯದು. "ಏಸಿ ಸಾಕಾ ಟೀಚರೇ? ಜಾಸ್ತಿ ಮಾಡ್ಬೇಕಾ?"

"ಸಾಕು."

ಅವರು ಹೋಗಿ ಕಟ್ಟಕಡೆಯ ಸೀಟಿನಲ್ಲಿ ಕುಳಿತರು. ಆಮೇಲೆ ಆ ವ್ಯಾನಿನಲ್ಲಿ ಯಾವ ಪೇಟೆಯ ಮಾತೂ ಬರಲಿಲ್ಲ. ಮೋನಾಕ ರೇಡಿಯೋ ಹಾಕತೊಡಗಿದರು.

ಜಗಳವಾಗಿದ್ದರೆ ಒಳ್ಳೆಯದಿತ್ತು ಎಂದು ಟೀಚರ್ ನನ್ನೊಡನೆ ಹೇಳಿದ್ದುಂಟು. "ಬೈದಿದ್ರೆ ನಾನು ಕಾಲು ಹಿಡೀತಿದ್ದೆ ಮಾರಾಯ್ತಿ. ಅವ್ರು ಬೈಯುದೇ ಇಲ್ಲ. ಬಾಗಿಲು ತೆಗೆದು ಕೊಡ್ತಾರೆ, ಬ್ಯಾಗ್ ಹಿಡ್ಕೊಳ್ತಾರೆ."

"ಶಾಲೆಯವ್ರು ಕ್ಲಾಸು ಮುಚ್ಚಿದ್ದಕ್ಕೆ ನೀವೆಂತ ಮಾಡ್ಲಿಕ್ಕೆ ಆಗ್ತದೆ ಟೀಚರ್?" ಎಂದೆ.

"ಶಾಲೆ ಕೊಟ್ಟ ಮಾತಲ್ಲ ಅದು. ನಾನು ಕೊಟ್ಟದ್ದು. ಅವರ ಮನೆಯ ಚಾ ಕುಡಿದು ಕೊಟ್ಟದ್ದು."

ಶಾಲೆ ಬಿಟ್ಟುಬಿಡುತ್ತೇನೆ ಎಂದು ಒಂದೆರಡು ಸಲ ಹೇಳಿದರು. ಬಿಡುವ ಹಾಗಿರಲಿಲ್ಲ. ಗಂಡನ ಹೋಟೆಲಿನಲ್ಲಿ ಜನ ಕಡಿಮೆ ಮಾಡುತ್ತಿದ್ದರು. ಆರು, ಏಳನೇ ತರಗತಿಯ ಸಮಾಜ ಪಾಠ ಕೊಟ್ಟರು, ರಜೆ ಹಾಕಿದವರ ಕ್ಲಾಸುಗಳನ್ನು ಕಾಯುವ ಕೆಲಸ ಕೊಟ್ಟರು. ಮಾಡಿದರು. ಕಣ್ಣು ತೆರೆದುಕೊಂಡು, ಪುಸ್ತಕದಲ್ಲಿದ್ದದ್ದನ್ನು ಓದಿ ಹೇಳಿ ಬರುತ್ತಿದ್ದರು. ಹೊಸ ಟೀಚರುಗಳ ಸೀರೆ ಮುಟ್ಟುವುದನ್ನೂ ಬಿಟ್ಟರು. ಅವರಿಗೆ ಇವರು ಮೂಲೆಯಲ್ಲಿ ಸ್ವೆಟರು ಹಾಕಿ ಕೂರುವ ಒಬ್ಬ ವಯಸ್ಸಾದ ಹೆಂಗಸು, ಅಷ್ಟೆ.

ಕೆಲವು ವರ್ಷಗಳಾದ ಮೇಲೆ ನಾವಿಬ್ಬರು ಸೀಫ್ ಕಡೆಯ ಒಂದು ಮಾಲಿಗೆ ಹೋಗಿದ್ದೆವು. ನನ್ನ ನಾದಿನಿಯ ಮದುವೆಗೆ ಉಡುಗೊರೆ ಕೊಳ್ಳಬೇಕಿತ್ತು. ಅತ್ತರು, ಸೆಂಟು ಮಾರುವ ಕೌಂಟರಿನಲ್ಲಿ ಕಪ್ಪು ಕೋಟು, ತಲೆಗೆ ಕಪ್ಪು ಸ್ಕಾರ್ಫು ತೊಟ್ಟ ಹುಡುಗಿಯೊಬ್ಬಳು ನಮ್ಮ ಕಡೆ ಕಾಗದದ ಪಟ್ಟಿಯೊಂದನ್ನು ಚಾಚಿ ಇಂಗ್ಲಿಷಿನಲ್ಲಿ, "ಹೊಸ ಪರಿಮಳ ಮ್ಯಾಡಂ, ನೋಡಿ" ಎಂದಳು. ಎಂದವಳು ಹಾಗೇ ನಿಂತಳು.

"ಮಿಸ್."

ಶಬಾನ. ತುಟಿಗೆ ಬಣ್ಣ, ಕಣ್ಣಿಗೆ ದಟ್ಟ ಕಾಡಿಗೆ. ಟೀಚರ್ ಪರಿಮಳದ ಪಟ್ಟಿಯನ್ನು ಕೈಯಲ್ಲಿ ಹಿಡಿದು ನಿಂತರು, ಮೂಗಿನ ಹತ್ತಿರ ಒಯ್ಯಲಿಲ್ಲ.

"ಇಲ್ಲಿ ಎಷ್ಟು ಸಮಯದಿಂದ ಮಗಾ?"

"ಆಯ್ತು ಮಿಸ್, ತುಂಬ ದಿನ ಆಯ್ತು. ಕಾಮರ್ಸ್ ಮುಗಿಸಿ ಆಫೀಸುಗಳಲ್ಲಿ ಟ್ರೈ ಮಾಡಿದೆ, ಆಗ್ಲಿಲ್ಲ. ಇಲ್ಲಿ ತೊಂದರೆ ಇಲ್ಲ. ಬಪ್ಪನಿಗೂ ಈಗ ಬೆನ್ನು ನೋವು, ಶುಕ್ರವಾರ ಗಾಡಿ ಬಿಡುದಿಲ್ಲ."

"ಕೂರ್ಲಿಕ್ಕೆ ಕುರ್ಚಿ ಇಲ್ವಾ?"

"ಇಲ್ಲ ಮಿಸ್. ನಿಂತೇ ಇರ್ಬೇಕು. ರೂಲ್."

ಟೀಚರಿನ ಕಣ್ಣು ತುಂಬಿತು. "ನನ್ನಿಂದ ನಿನಗೆ ಒಂದು ವರ್ಷ ಹೋಯ್ತು. ನಾನು ಬಂದು ನಿನ್ನ ಅಪ್ಪನ ಹತ್ರ..."

ಶಬಾನ ಸುತ್ತ ನೋಡಿದಳು. ಸ್ವಲ್ಪ ದೂರದಲ್ಲಿ ಸೂಪರ್‌ವೈಸರ್ ನಿಂತಿದ್ದ. ಅವಳು ಇನ್ನೊಂದು ಪಟ್ಟಿಗೆ ಪರಿಮಳ ಸಿಂಪಡಿಸಿ ಟೀಚರಿನ ಕೈಗೆ ಕೊಡುತ್ತ, ಮುಖದಲ್ಲಿ ಗಿರಾಕಿಗೆ ತೋರಿಸುವ ನಗುವನ್ನೇ ಇಟ್ಟುಕೊಂಡು, ತಗ್ಗಿದ ದನಿಯಲ್ಲಿ ಹೇಳಿದಳು:

"ಹಾಗೆಲ್ಲ ಹೇಳ್ಬೇಡಿ ಮಿಸ್. ಹಿಸ್ಟರಿ ಓದಿದ್ರೂ ನಾನು ಇಲ್ಲೇ ನಿಲ್ತಿದ್ದೆ."

ಅವಳು ಸಮಾಧಾನಕ್ಕೆಂದು ಹೇಳಿದ ಮಾತು. ನಿಜವಾದ ಪ್ರೀತಿಯಿಂದಲೇ ಹೇಳಿದಳು. ಆದರೆ ಅದಕ್ಕಿಂತ ಕಠಿಣವಾದ ಮಾತನ್ನು ಟೀಚರಿಗೆ ಯಾರೂ ಹೇಳಿರಲಾರರು. ಕಾರಿನಲ್ಲಿ ಕುಳಿತ ಮೇಲೆ, "ಅವಳಿಗೆ ನನ್ನ ಮೇಲೆ ಸಿಟ್ಟೂ ಇಲ್ಲ, ಕಂಡ್ಯಾ. ಸಿಟ್ಟು ಬರ್ಬೇಕಾದ್ರೆ ಬೇರೇನೋ ಆಗ್ಬಹುದಿತ್ತು ಅಂತ ಅನ್ನಿಸ್ಬೇಕು. ಅವಳಿಗೆ ಅದೇ ಇಲ್ಲ" ಎಂದರು.

ಅರವತ್ತಾದಾಗ ಟೀಚರಿನ ಕೆಲಸ ಮುಗಿಯಿತು. ಗಂಡನ ಕೆಲಸ ಅದಕ್ಕೂ ಮುಂಚೆ ಹೋಗಿತ್ತು. ವೀಸಾ ರದ್ದಾಯಿತು. ಬೀಳ್ಕೊಡುಗೆಯ ದಿನ ಮಾತಾಡಿದವರೆಲ್ಲ ಅವರ ಶಿಸ್ತು, ಸಮಯಪಾಲನೆ ಎಂದು ಹೊಗಳಿದರು. ಅವರಿಗೆ ಆ ಎರಡೂ ಇರಲಿಲ್ಲ. ಉತ್ತರ ಹೇಳಿರೆಂದಾಗ ಎದ್ದು ನಿಂತು, ಎಲ್ಲರಿಗೂ ಥ್ಯಾಂಕ್ಸ್ ಎಂದಷ್ಟೇ ಹೇಳಿ ಕುಳಿತರು.

ಊರಿಗೆ ಹೋದ ಮೇಲೆ ಆಗಾಗ ಫೋನಿನಲ್ಲಿ ಮಾತಾಡುತ್ತಿದ್ದೆ. ಒಮ್ಮೆ, "ಈಗ ಪುರುಸೊತ್ತು ಉಂಟಲ್ಲ ಟೀಚರ್, ಆ ಸಂಶೋಧನೆ ಮತ್ತೆ ಹಿಡೀಬಹುದಲ್ಲ" ಎಂದೆ.

"ಪುಸ್ತಕವೆಲ್ಲ ಗುಜರಿಯವನಿಗೆ ಕೊಟ್ಟೆ" ಎಂದರು. "ಕಾಲೇಜಿಗೆ ಕೇಳಿದೆ, ಬೇಡ ಅಂದ್ರು. ಇಲ್ಲಿಯೂ ಹಿಸ್ಟರಿಗೆ ಮಕ್ಕಳಿಲ್ಲ ಅಂತೆ."

"ಒಂದಾದ್ರೂ ಇಟ್ಟುಕೊಳ್ಬೇಕಿತ್ತು."

"ಯಾರಿಗೆ?"

ಅವರು ಮೀನಿನ ರೇಟು, ಮಂಗಳೂರಿನ ಸೆಕೆ ಎಂದು ಬೇರೆ ಮಾತಿಗೆ ಹೊರಳಿದರು. ಮುಂದಿನ ಫೋನುಗಳಲ್ಲಿ ಕಾಯಿಲೆಯ ಮಾತು ಬಂತು. ಆಮೇಲೆ ಗಂಡನೇ ಫೋನು ತೆಗೆಯತೊಡಗಿದರು.

ಸುದ್ದಿ ತಿಳಿದ ಮರುದಿನ ನಾನು ಟುಬ್ಲಿಗೆ ಹೋದೆ. ಮೋನಾಕನಿಗೆ ಬೇರೆ ಯಾರು ಹೇಳುತ್ತಾರೆ? ಅವರು ಈಗ ದೂರದ ಗಾಡಿ ಓಡಿಸುವುದಿಲ್ಲ, ಅದೇ ಕಂಪನಿಯ ಗ್ಯಾರೇಜಿನಲ್ಲಿ ವ್ಯಾನುಗಳನ್ನು ತೊಳೆದು ನಿಲ್ಲಿಸುತ್ತಾರೆ. ಗಡ್ಡವೆಲ್ಲ ಬೆಳ್ಳಗಾಗಿದೆ. ಪೈಪು ಹಿಡಿದುಕೊಂಡಿದ್ದವರು ನನ್ನನ್ನು ಕಂಡು ನೀರು ನಿಲ್ಲಿಸಿದರು. ಹೇಳಿದೆ.

"ಇನ್ನಾಲಿಲ್ಲಾಹಿ" ಎಂದು ಬಾಯಲ್ಲೇ ಹೇಳಿಕೊಂಡು ಪೈಪನ್ನು ಸುತ್ತಿ ಗೋಡೆಗೆ ನೇತುಹಾಕಿದರು. ಆಮೇಲೆ ಹೇಳಿದರು: "ಒಳ್ಳೆ ಜನ. ಅಷ್ಟು ಮರ್ಯಾದೆ ಕೊಟ್ಟು ನನ್ನ ಹತ್ರ ಯಾವ ಟೀಚರೂ ಮಾತಾಡಿದ್ದಿಲ್ಲ. ಆದ್ರೆ ಒಂದು ಹೇಳ್ತೇನೆ, ನೀವು ಬೇಜಾರು ಮಾಡ್ಬೇಡಿ. ಆವತ್ತು ಅವ್ರು ನಮ್ಮ ಮನೆಗೆ ಬಾರದೆ ಇದ್ದಿದ್ರೆ ಒಳ್ಳೇದಿತ್ತು. ಮಗಳು ಆ ಒಂದು ವರ್ಷ ಎಷ್ಟು ಖುಷಿಯಲ್ಲಿದ್ದಳು! ಅದನ್ನು ನೋಡದೆ ಇದ್ದಿದ್ರೆ ಈಗ ಅವಳನ್ನು ನೋಡ್ಲಿಕ್ಕೆ ನನಗೆ ಇಷ್ಟು ಕಷ್ಟ ಆಗ್ತಿರ್ಲಿಲ್ಲ."

"ಶಬಾನಳಿಗೆ ನಾನೇ ಫೋನ್ ಮಾಡಿ ಹೇಳ್ಲಾ?" ಎಂದು ಕೇಳಿದೆ.

ಮೋನಾಕ ಬೇಡವೆಂದು ಕೈಯಾಡಿಸಿದರು.

"ಈಗ ಬೇಡ ಟೀಚರೇ. ಮಾಲಿನಲ್ಲಿ ಸೇಲ್ ಸುರು ಆಗಿದೆ, ಅವಳಿಗೆ ಡಬಲ್ ಡ್ಯೂಟಿ. ಅಲ್ಲಿ ಅಳ್ಲಿಕ್ಕೆ ಬಿಡುದಿಲ್ಲ."